ಅವ್ವನಿಗೊಂದು ವಿಶೇಷಣ

ನಾನು ಯಲಹಂಕದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಹಳೆಯ ಕಾವ್ಯ ಬಂದಾಗಲೆಲ್ಲ ಮಕ್ಕಳಿಗೆ ಹೇಳುವ ಮಾತು ಒಂದೇ: ಕವಿಯ ತಾಕತ್ತು ಗೊತ್ತಾಗುವುದು ವಿಶೇಷಣದಲ್ಲಿ. ರಣರಂಗದಲ್ಲಿ ಮಗನನ್ನು ಹುಡುಕುತ್ತಾ ಬಂದ ಮುದುಕಿಗೆ ಹತ್ತು ಗುಣ ಅಂಟಿಸಿದರೆ ಅವಳು ಯಾರೂ ಆಗುವುದಿಲ್ಲ. ‘ಬರಿಗಾಲಿನ’ ಎಂದಷ್ಟೇ ಹೇಳಿದರೆ ನಮ್ಮೆದುರು ನಡೆದು ಬರುತ್ತಾಳೆ. ಹಿಂದಿನ ಬೆಂಚಿನವರು ಇದನ್ನೆಲ್ಲ ಕೇಳಿಸಿಕೊಳ್ಳುವುದಿಲ್ಲ. ಹಾಳಾಗಿ ಹೋಗಲಿ, ನಾನಂತೂ ಹೇಳುವುದನ್ನು ಬಿಟ್ಟಿಲ್ಲ.

ಹೋದ ವರ್ಷ ಅವ್ವ ತೀರಿಕೊಂಡಳು. ನನಗೆ ನೌಕರಿ ಸಿಕ್ಕ ಮೇಲೆ ಧಾರವಾಡದ ಕಡೆಯಿಂದ ನನ್ನ ಜೊತೆಗೇ ಬಂದು ಅಲ್ಲಾಳಸಂದ್ರದಲ್ಲಿ ನೆಲೆಸಿದವಳು. ನಮ್ಮ ಬೀದಿಯಲ್ಲಿ ಯಾರು ಹೋದರೂ ಮೂಲೆಯ ಕಂಬಕ್ಕೆ ಫೋಟೊ ಇರುವ ಫ್ಲೆಕ್ಸ್ ಕಟ್ಟುತ್ತಾರೆ. ಹೆಸರಿನ ಮೇಲೆ ಒಂದೆರಡು ಹೊಗಳಿಕೆಯ ಪದ ಇರಲೇಬೇಕು. ಕನ್ನಡ ಪಾಠ ಮಾಡುವವಳೆಂದು ಅದನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸುಳ್ಳು ಪದದ ಕೆಳಗೆ ಅವ್ವನ ಮುಖ ತೂಗಬಾರದು ಎಂದು ನನಗೆ ಹಟ. ತುಂಬ ಯೋಚಿಸಿ ‘ಖಡಕ್’ ಎಂದು ಬರೆದೆ.

ಸೋದರಮಾವ ನೋಡಿ ಹೌಹಾರಿದರು.

“ಅಕಿ ಏನ್ ಜ್ವಾಳದ ರೊಟ್ಟಿ ಏನವಾ, ಖಡಕ್ ಅನ್ನಾಕ? ಮಂದಿ ನಗ್ತಾರ.”

“ನಗಲಿ ಮಾಮಾ. ಅವ್ವ ಇದ್ದದ್ದ ಹಂಗ.”

“ಸತ್ತವರ ಬಗ್ಗೆ ಚಲೋ ಮಾತು ಹೇಳಬೇಕು. ನಿನ್ನ ಪಾಠ ಕಾಲೇಜಿನ್ಯಾಗ ಇಟ್ಕೋ.”

ಮೈಯೆಲ್ಲ ಉರಿಯಿತು. ಸಾವಿನ ಮನೆಯಲ್ಲಿ ಹಿರಿಯರ ಜೊತೆ ಜಗಳ ಚೆಂದವಲ್ಲವೆಂದು ಅವ್ವನ ಫೋಟೊ ಅವರ ಕೈಗೆ ಕೊಟ್ಟೆ. ಮಾವ ಪ್ರಿಂಟಿಂಗ್ ಅಂಗಡಿಗೆ ಹೋಗಿ, ಅಲ್ಲಿಯ ಕಂಪ್ಯೂಟರಿನಲ್ಲಿ ಎಲ್ಲರಿಗೂ ಸಿದ್ಧವಾಗಿದ್ದುದನ್ನೇ ಹಾಕಿಸಿ ತಂದರು: ಶಾಂತಮೂರ್ತಿ, ಮೃದುಭಾಷಿಣಿ, ಮಮತಾಮಯಿ. ಮೃದುಭಾಷಿಣಿಯಂತೆ! ಅವ್ವ ಬಾಗಿಲಲ್ಲಿ ನಿಂತು ತರಕಾರಿಯವನನ್ನು ಕೂಗಿದರೆ ಕೆರೆ ಏರಿಯ ಮೇಲೆ ವಾಕಿಂಗ್ ಹೋಗುವವರು ತಿರುಗಿ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಹಾಲಿಗೆ ಹೊರಟಾಗ ಕಂಬದ ಕೆಳಗೆ ಹಿಂದಿನ ಬೀದಿಯ ಹೆಂಗಸೊಬ್ಬರು ನಿಂತಿದ್ದರು. ಕೆಲವು ವರ್ಷಗಳ ಹಿಂದೆ ಇವರು ಪಿಯುಸಿ ಮುಗಿಸಿದ ಮಗಳ ಓದು ಬಿಡಿಸಿ ಮದುವೆ ಮಾಡಲು ಹೊರಟಿದ್ದರು. ಅವ್ವ ಅವರ ಗೇಟಿನ ಮುಂದೆ ನಿಂತು, “ಕೂಸಿನ ಕೈಯಾಗಿನ ಪುಸ್ತಕ ಕಸಗೊಂಡು ತಾಳಿ ಕಟ್ಟಿಸ್ತೀಯೇನ?” ಎಂದು ಬೀದಿಯೆಲ್ಲ ಸೇರುವ ಹಾಗೆ ಬೈದಿದ್ದಳು. ಮದುವೆ ನಿಂತಿತು, ಎರಡು ಮನೆಗಳ ಮಾತೂ ನಿಂತಿತು. ಆ ಹುಡುಗಿ ಈಗ ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ನರ್ಸ್. ತಾಯಿ ಮಾತ್ರ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಈಗ ತಿರುಗಿಸಲಿಲ್ಲ. ಫ್ಲೆಕ್ಸಿನ ಮೇಲಿನ ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನನ್ನೇ ಗದರಿಸುವ ಹಾಗೆ ಕೇಳಿದರು:

“ಇದ್ಯಾರ್ದೋ ಬೋರ್ಡ್ ಕಟ್ಟವ್ರೆ ಕಣಮ್ಮ. ನಿಮ್ಮಮ್ಮಂದು ಎಲ್ಲಿ?”