ಮುಖಪುಟದ ಮೇಲಿನ ಕುತ್ತಿಗೆ

ಮಗುವಿನ ಕುತ್ತಿಗೆಯ ಗುಳ್ಳೆಗಳು ಒಣಗಿ ವಾರವಾಗಿತ್ತು. ಆದರೂ ತಾಯಿಯ ಕೈ ಗಳಿಗೆಗೊಮ್ಮೆ ಆ ಕುತ್ತಿಗೆಯ ಮಡಿಕೆಯನ್ನೇ ತಡವುತ್ತಿತ್ತು. ಮತ್ತೆ ಎದ್ದರೆ? ಅಲ್ಲಿಂದ ಕಿವಿಗೆ ಹತ್ತಿದರೆ? "ಬೆವರುಸಾಲೆ ಕೀವಾಗಿದೆ ಅಷ್ಟೆ, ಹೆದರಬೇಡಿ" ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಹೆದರಬೇಡಿ ಎಂದವರನ್ನು ನಂಬುವ ಜಾಯಮಾನ ಅವಳದಲ್ಲ.

ಬೀದಿಯವರು ಅವಳನ್ನು ನಕ್ಷತ್ರದಮ್ಮ ಎನ್ನುತ್ತಿದ್ದರು. ಟೀವಿಯಲ್ಲಿ ಬರುವ ಅಂತರಿಕ್ಷ ನೌಕೆಯ ಧಾರಾವಾಹಿಯ ಪಾತ್ರಗಳನ್ನಿಟ್ಟುಕೊಂಡು ಪುಟ್ಟ ಕಾದಂಬರಿಗಳನ್ನು ಬರೆಯುವುದು ಅವಳ ಕಸುಬು. ಬಾಣಂತನದಲ್ಲಿ ಶಾಲೆಯ ಕೆಲಸ ಹೋದ ಮೇಲೆ ಕೈಹಿಡಿದದ್ದು ಇದೇ. ಮೂರು ತಿಂಗಳಿಗೊಂದು ಪುಸ್ತಕ. ಅಡುಗೆಮನೆಯ ಮೇಜು, ಪಕ್ಕದಲ್ಲಿ ತೊಟ್ಟಿಲು, ಬೆರಳಿಗೆ ಮಗುವಿನ ಎಣ್ಣೆಯ ಜಿಡ್ಡು. ಕಟ್ಟಳೆಗಳು ಒಂದೆರಡಲ್ಲ: ನಾಯಕ ಸಾಯಕೂಡದು, ಯಾರಿಗೂ ಮದುವೆಯಾಗಕೂಡದು, ಕೊನೆಯ ಪುಟದಲ್ಲಿ ಎಲ್ಲರೂ ಟೀವಿಯಲ್ಲಿ ಇದ್ದಲ್ಲೇ ಇರಬೇಕು.

"ಬಾಡಿಗೆ ಮನೆ ಇದ್ದ ಹಾಗೆ ಬಿಡು," ಎನ್ನುತ್ತಿದ್ದರು ಅತ್ತೆ. "ಮೊಳೆ ಹೊಡೀಬಾರ್ದು, ಬಣ್ಣ ಬಳೀಬಾರ್ದು."

ಈ ಸಲದ ಕಥೆಯಲ್ಲಿ ಅನ್ಯಗ್ರಹದ ರೋಗವೊಂದು ನೌಕೆಯನ್ನು ಹೊಕ್ಕಿತ್ತು. ಬರೆಯುತ್ತಿರುವಾಗಲೇ ಮಗುವಿಗೆ ಗುಳ್ಳೆ ಎದ್ದು, ಬರವಣಿಗೆ ತಡವಾಗಿ, ಸಂಪಾದಕರು ನಂಬಲಿ ಎಂದು ಮಗುವಿನ ಫೋಟೊ ಕಳಿಸಿದ್ದಳು.

ಇವತ್ತು ಬೆಳಿಗ್ಗೆ ಮುಖಪುಟದ ಚಿತ್ರ ಫೋನಿಗೆ ಬಂತು. ನೋಡಿದವಳು ಹೇಸಿ ಫೋನನ್ನು ದೂರ ಹಿಡಿದಳು. ಹಸಿರು ಬಣ್ಣದ ಕೂಸು, ಕುತ್ತಿಗೆ ತುಂಬ ಕೀವುಗುಳ್ಳೆ. ಅದಕ್ಕೆ ಒದ್ದೆ ಹೊಳಪು ಬೇರೆ. ಬಲಗಿವಿಯ ಕೆಳಗಿನ ಎಳ್ಳಿನಷ್ಟು ಮಚ್ಚೆಯನ್ನೂ ಬಿಟ್ಟಿರಲಿಲ್ಲ.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಥೂ! ಇದು ನಮ್ಮ ಪುಟ್ಟಿ ಅಲ್ವೇನೆ?"

ಅಷ್ಟರಲ್ಲಿ ಸಂಪಾದಕರ ಫೋನು. "ನೋಡಿದ್ರಾ ಮೇಡಂ? ಕೀವು ಎಷ್ಟು ಚೆನ್ನಾಗಿ ಬಂದಿದೆ!"

"ಅದು ನನ್ನ ಮಗು ಸಾರ್."

"ಹಸಿರು ಬಳಿದಿದ್ದೀವಲ್ಲ, ಯಾರಿಗೆ ಗೊತ್ತಾಗುತ್ತೆ? ನಾಲ್ಕನೇ ಅಧ್ಯಾಯದಲ್ಲಿ ನೀವೇ ಬರೆದಿಲ್ವಾ, ಒಡೆದ ಹಾಲಿನಂಥ ಕೀವು ಅಂತ? ನೋಡಿ, ಹನ್ನೆರಡರ ತನಕ ನೀವು ಸುಮ್ನಿದ್ರೆ ಒಪ್ಪಿಗೆ ಅಂತ ಲೆಕ್ಕ, ಅಚ್ಚಿಗೆ ಹೋಗುತ್ತೆ. ಬೇಡ ಅಂದ್ರೆ ನಿಲ್ಲಿಸ್ತೀವಿ. ಆದ್ರೆ ಮುಂದಿನ ಪುಸ್ತಕಕ್ಕೆ ಬೇರೆಯವರನ್ನ ನೋಡ್ಕೋತೀವಿ, ಬೇಜಾರು ಮಾಡ್ಕೋಬೇಡಿ."

ಒಡೆದ ಹಾಲು. ಆ ಮಾತು ಉಗುಳಿನಂತೆ ಮುಖಕ್ಕೆ ಬಿತ್ತು. ಸುಳ್ಳಲ್ಲವಲ್ಲ! ಒಂದು ಕೈಯಲ್ಲಿ ಹತ್ತಿ ಹಿಡಿದು ಕೀವು ಒರೆಸುತ್ತಾ, ಮಗು ಕಿರುಚುತ್ತಿರುವಾಗಲೇ, ಇನ್ನೊಂದು ಕೈಯಿಂದ ಅದನ್ನು ಚೀಟಿಯಲ್ಲಿ ಗೀಚಿಕೊಂಡಿದ್ದಳು. ಎಲ್ಲಿ ಮರೆತುಹೋದೀತೋ ಎಂಬ ಆತುರ. ಸಂಪಾದಕನ ಮೇಲಿದ್ದ ಹೇಸಿಗೆ ಈಗ ತನ್ನ ಮೇಲೇ ತಿರುಗಿತು. ಸೋಪು ಹಚ್ಚಿ ಕೈ ತೊಳೆದಳು. ಮತ್ತೆ ತೊಳೆದಳು.

"ಕೆಲಸ ಹೋದ್ರೆ ಏನ್ ಮಾಡೋದು ಅತ್ತೆ?"

"ಏನೋ ಒಂದು ಮಾಡಿದ್ರಾಯ್ತು. ನಾಳೆ ಇವಳು ದೊಡ್ಡೋಳಾಗಿ, ಇದ್ಯಾರಜ್ಜಿ ಅಂತ ಕೇಳಿದ್ರೆ ನಾನಂತೂ ಹೇಳಲ್ಲಮ್ಮ. ನೀನೇ ಹೇಳ್ಕೋ."

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ನಂಬರು ಒತ್ತಿದಳು.

"ಹೇಳಿ ಮೇಡಂ, ಒಪ್ಪಿಗೆ ತಾನೆ?"

"ಇಲ್ಲ ಸಾರ್, ಮುಖಪುಟ ಬೇಡ. ಆ ಫೋಟೊ ನಿಮ್ಮ ಹತ್ರ, ಚಿತ್ರ ಬರೆದೋರ ಹತ್ರ, ಎಲ್ಲೂ ಇರಬಾರ್ದು, ಅಳಿಸಿಬಿಡಿ. ನಾಲ್ಕನೇ ಅಧ್ಯಾಯಾನೂ ತೆಗೀರಿ."

"ಅಯ್ಯೋ, ಇಡೀ ಪುಸ್ತಕದಲ್ಲಿ ಚೆನ್ನಾಗಿರೋದೇ ಅದು ಕಣ್ರೀ!"

"ಗೊತ್ತು ಸಾರ್. ತೆಗೀರಿ."