ಶರಣಮ್ಮಕ್ಕ ಮರೆತಿರಲಿಲ್ಲ

ಶರಣಮ್ಮಕ್ಕ ಮರೆತಿರಲಿಲ್ಲ. ಪರೀಕ್ಷೆಯ ದಿನ ಬದಲಾಗಿದೆ ಎಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಹೇಳದೆ, ಆಮೇಲೆ ಮುಖ್ಯಾಧ್ಯಾಪಕರ ಎದುರು ನಿಂತು, "ಹೇಳಿದ್ದೆ, ಇವರೇ ಮರೆತಿದ್ದಾರೆ" ಎಂದೆ — ನಾಲಿಗೆ ಒಂದಿಷ್ಟೂ ತಡವರಿಸದೆ. ಇದಾಗಿ ಹನ್ನೆರಡು ವರ್ಷ. ಗಂಡನಿಗೆ ಹೇಳಿಲ್ಲ, ಅಮ್ಮನಿಗೆ ಹೇಳಿಲ್ಲ. ಹೇಳಬೇಕಾದದ್ದು ಅವರಿಬ್ಬರಿಗೂ ಅಲ್ಲ ಎನ್ನುವುದು ಗೊತ್ತಿದ್ದೂ, ಹೇಳಬೇಕಾದವರಿಗೆ ಮಾತ್ರ ಹೇಳದೆ ಉಳಿದಿದ್ದೇನೆ.

ಆಗ ನನಗೆ ಹತ್ತೊಂಬತ್ತು. ನಮ್ಮದು ಕುಂದಾಪುರದ ಕಡೆಯ ಮನೆ. ಪುಣೆಯ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ಅಪ್ಪನ ಹೋಟೆಲು. ಹನ್ನೊಂದನೆಯ ತರಗತಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ನಾನು ಕಾಲೇಜು ಬಿಟ್ಟಿದ್ದೆ. ಹಾಗೆ ಬಿಟ್ಟವರು ಹದಿನೇಳನೇ ನಂಬರಿನ ಫಾರ್ಮ್ ತುಂಬಿ ಹೊರಗಿನಿಂದ ಹನ್ನೆರಡನೆಯ ಪರೀಕ್ಷೆಗೆ ಕೂರಬಹುದು. ಅಂಥವರಿಗಾಗಿ ಊರಿನ ಒಂದು ಶಾಲೆಯಲ್ಲಿ ಶನಿವಾರ, ಭಾನುವಾರ ಪಾಠ ನಡೆಯುತ್ತಿತ್ತು. ಓದುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ. ಅಪ್ಪನ ಬಾಯಿಗೆ ಹೆದರಿ ಹೋಗುತ್ತಿದ್ದೆ, ಕೊನೆಯ ಬೆಂಚಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದೆ.

ಮುಂದಿನ ಬೆಂಚಿನಲ್ಲಿ ಶರಣಮ್ಮಕ್ಕ. ವಯಸ್ಸು ನಲವತ್ತೊಂದು. ಯಾದಗಿರಿ ಕಡೆಯವರು. ಹತ್ತನೆಯ ತರಗತಿ ಕನ್ನಡದಲ್ಲಿ ಪಾಸಾದ ವರ್ಷವೇ ಮದುವೆಯಾಗಿ, ಗೌಂಡಿ ಕೆಲಸದ ಗಂಡನ ಹಿಂದೆ ಇಲ್ಲಿಗೆ ಬಂದು, ಕಟ್ಟಡಗಳ ಮೇಲೆ ಇಟ್ಟಿಗೆ ಹೊತ್ತು, ಕೊನೆಗೆ ಒಂದು ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದ್ದರು. ಮಕ್ಕಳಿಗೆ ಖಿಚಡಿ ಬೇಯಿಸುವುದು, ಮೂಗು ಒರೆಸುವುದು, ಕಸ ಗುಡಿಸುವುದು. ಮರಾಠಿ ಅಕ್ಷರಗಳನ್ನು ಆ ಮಕ್ಕಳ ಜೊತೆಗೇ ಗೋಡೆಯ ಚಿತ್ರಪಟ ನೋಡಿ ಕಲಿತವರು. ಹನ್ನೆರಡನೆಯದು ಪಾಸಾದರೆ ಅವರನ್ನೇ ಅಂಗನವಾಡಿಯ ಟೀಚರ್ ಮಾಡಬಹುದಿತ್ತು. ಆದರೆ ಅದಕ್ಕೊಂದು ವಯಸ್ಸಿನ ಮಿತಿ.

"ಇದೊಂದ ವರ್ಷ ಅದ ತಂಗಿ ನನ್ನ ಕೈಯಾಗ. ಇದು ದಾಟಿತಂದ್ರ ವಯಸ್ಸ ಆತು, ಸಾಕ ನಡಿ ಅಂತಾರ" ಎಂದು ಮೊದಲ ವಾರವೇ ಹೇಳಿದ್ದರು. ಆದ್ದರಿಂದ, ಆ ಪರೀಕ್ಷೆ ಅವರಿಗೆ ಎಷ್ಟು ಮುಖ್ಯ ಎಂದು ನನಗೆ ತಿಳಿದಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ಅವರ ಬಳಿ ಸಣ್ಣ ಕೀಪ್ಯಾಡ್ ಫೋನು. ಶಾಲೆಯ ಸೂಚನೆಗಳೆಲ್ಲ ಬರುತ್ತಿದ್ದದ್ದು ವಾಟ್ಸಾಪ್ ಗುಂಪಿನಲ್ಲಿ. ಅದಕ್ಕೆ ನಮ್ಮ ಮೇಷ್ಟ್ರು ಒಂದು ಉಪಾಯ ಮಾಡಿದ್ದರು — ದೊಡ್ಡ ಫೋನಿಲ್ಲದ ಒಬ್ಬೊಬ್ಬರಿಗೂ ಫೋನಿರುವ ಒಬ್ಬೊಬ್ಬರನ್ನು ಜೋಡಿ ಮಾಡುವುದು. ಸೂಚನೆ ಬಂದರೆ ಜೋಡಿಗೆ ಕರೆ ಮಾಡಿ ತಿಳಿಸಬೇಕು. ಇಬ್ಬರೂ ಕನ್ನಡದವರು ಎಂದು ಶರಣಮ್ಮಕ್ಕನನ್ನು ನನಗೆ ಗಂಟು ಹಾಕಿದರು.

ಮೊದಮೊದಲು ಅದು ಚೆನ್ನಾಗಿಯೇ ಇತ್ತು. ಪಾಠ ಮುಗಿದ ಮೇಲೆ ಅಪ್ಪನ ಹೋಟೆಲಿನ ಮೂಲೆಯ ಮೇಜಿನಲ್ಲಿ ನಾನು ಸಮಾಜಶಾಸ್ತ್ರದ ಪಾಠ ಗಟ್ಟಿಯಾಗಿ ಓದುತ್ತಿದ್ದೆ, ಅವರು ಎರಡೂ ಕೈ ಮಡಿಲಲ್ಲಿಟ್ಟು ಕೇಳುತ್ತಿದ್ದರು. ಒಂದಕ್ಷರವನ್ನೂ ಬರೆದುಕೊಳ್ಳುತ್ತಿರಲಿಲ್ಲ. "ಬರಿಯೋದು ನಿಧಾನ ತಂಗಿ, ಆದ್ರ ಒಮ್ಮಿ ಕಿವಿಗಿ ಬಿತ್ತಂದ್ರ ಹೋಗಂಗಿಲ್ಲ" ಎನ್ನುತ್ತಿದ್ದರು. ಸುಳ್ಳಲ್ಲ. ಮುಂದಿನ ವಾರ ಆ ಪಾಠವನ್ನು ಬುಡದಿಂದ ತುದಿಯವರೆಗೆ ಒಪ್ಪಿಸುತ್ತಿದ್ದರು. ಅಂಗನವಾಡಿಯ ಪ್ರತಿ ಮಗುವಿನ ತೂಕ, ಯಾರಿಗೆ ಯಾವ ಲಸಿಕೆ ಯಾವಾಗ ಆಯಿತು — ಟೀಚರ್ ರಿಜಿಸ್ಟರ್ ತೆಗೆಯುವ ಮೊದಲೇ ಇವರು ಹೇಳಿ ಮುಗಿಸುತ್ತಿದ್ದರಂತೆ. ಅವರ ಹತ್ತಿರ ಹೆಮ್ಮೆಪಡಲು ಬೇರೆ ಏನಿತ್ತೋ ಗೊತ್ತಿಲ್ಲ, ನೆನಪಿನ ಬಗ್ಗೆ ಮಾತ್ರ ಹೆಮ್ಮೆಯಿತ್ತು.

ನನ್ನ ಹೊಟ್ಟೆಯುರಿ ಶುರುವಾದದ್ದು ಹೊಗಳಿಕೆಯಿಂದ. ಮೇಷ್ಟ್ರು ಬಾಯಿ ತೆರೆದರೆ ಶರಣಮ್ಮ. ಪ್ರಥಮ ಚಾಚಣಿಯಲ್ಲಿ — ಕಿರುಪರೀಕ್ಷೆಗೆ ಇಲ್ಲಿ ಹಾಗೆನ್ನುತ್ತಾರೆ — ಅವರಿಗೆ ನನಗಿಂತ ಹೆಚ್ಚು ಅಂಕ ಬಂತು, ತರಗತಿಯವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆಗೆ ಬಂದರೆ ಅಪ್ಪನದೂ ಅದೇ ರಾಗ. ಅವರನ್ನು ಕಂಡರೆ ನನಗೆ ಗೌರವ ಬರಬೇಕು, ಸ್ಫೂರ್ತಿ ಬರಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿಬಿಟ್ಟಿದ್ದರು. ಬರುತ್ತಿದ್ದದ್ದು ಸಿಟ್ಟು. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಭಾನುವಾರ ಹೋಟೆಲು ತುಂಬಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಅಪ್ಪ ಗಿರಾಕಿಗಳಿಗೆಲ್ಲ ಕೇಳುವಂತೆ, "ಆ ಹೆಂಗಸು ಇಟ್ಟಿಗೆ ಹೊತ್ತ ಕೈಯಲ್ಲಿ ಪೆನ್ನು ಹಿಡ್ದಿದ್ರು. ನಿಂಗೆ ಕೂತಲ್ಲಿಗೆ ದೋಸೆ ಬತ್ತಿತ್ತ್, ಆದ್ರೂ ತಲೆಗೆ ಹತ್ತುದಿಲ್ಲ. ನಾಚ್ಕೆ ಇಲ್ಯಾ ಮಾರಾಯ್ತಿ?" ಎಂದರು. ಒಂದಿಬ್ಬರು ನಕ್ಕರು. ನಾನು ತಲೆ ತಗ್ಗಿಸಿದೆ. ಆಗ ಶರಣಮ್ಮಕ್ಕ — ಅವರ ಮನಸ್ಸಿನಲ್ಲಿ ಬರೀ ಒಳ್ಳೆಯದೇ ಇತ್ತು, ಅದೇ ನನಗೆ ಇಂದಿಗೂ ಸಹಿಸಲಾಗದ್ದು — ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಬೈಬ್ಯಾಡ್ರಿ ಅಣ್ಣಾರ. ಅಕಿ ಭಾಳ ಶ್ಯಾಣ್ಯಾಕಿ ಅದಾಳ. ಬೇಕಂದ್ರ ನಾ ಹೇಳಿಕೊಡ್ತೀನ್ರಿ" ಎಂದರು.

ಅವರು ನನಗೆ ಹೇಳಿಕೊಡುತ್ತಾರಂತೆ! ಪಾಠ ಓದಿ ಹೇಳಿದವಳು ನಾನು!

ಅದೇ ಸಂಜೆ ಗುಂಪಿನಲ್ಲಿ ಸೂಚನೆ ಬಂತು. ಹನ್ನೆರಡನೆಯದರ ಮರಾಠಿ ಮೌಖಿಕ ಪರೀಕ್ಷೆ ಗುರುವಾರ ಅಲ್ಲ, ಮಂಗಳವಾರ. ಅಂದು ಹಾಜರಾಗದವರು ಅನುತ್ತೀರ್ಣ. ನಾನು ಓದಿದೆ. ಅವರ ನಂಬರು ತೆಗೆದೆ. ನಾಳೆ ಮಾಡಿದರಾಯಿತು ಎಂದುಕೊಂಡು ಫೋನು ಇಟ್ಟೆ. ಸೋಮವಾರ ನೆನಪಾಗಲಿಲ್ಲ ಎಂದು ಬರೆದರೆ ಎಷ್ಟು ಸುಲಭ! ಆದರೆ ನೆನಪಾಗಿತ್ತು. ಬೆಳಿಗ್ಗೆ ಆಯಿತು, ಮಧ್ಯಾಹ್ನ ಆಯಿತು, ಸಂಜೆಯೂ ಆಯಿತು. ಮಂಗಳವಾರ ಪರೀಕ್ಷೆಯ ಕೋಣೆಯಲ್ಲಿ ಅವರ ಹೆಸರನ್ನು ಮೂರು ಸಲ ಕೂಗಿದರು. ಅಂಗನವಾಡಿ ಅಲ್ಲಿಂದ ನಡೆದರೆ ಹತ್ತು ನಿಮಿಷ. ನನ್ನ ಸರದಿ ಬರಲು ಇನ್ನೂ ಒಂದು ಗಂಟೆ ಇತ್ತು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.

ಗುರುವಾರ ಅವರು ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, 'ಅಂಗನವಾಡಿಯಲ್ಲಿ ಒಂದು ದಿನ' ಎಂಬ ಮರಾಠಿ ಭಾಷಣವನ್ನು ಬಾಯಿಪಾಠ ಮಾಡಿಕೊಂಡು ಶಾಲೆಗೆ ಬಂದರು. ಕೋಣೆ ಖಾಲಿ. ಗಾಬರಿಯಿಂದ ನನಗೆ ಫೋನು ಮಾಡಿದರು. ಹೋದೆ. ಇಬ್ಬರೂ ಮುಖ್ಯಾಧ್ಯಾಪಕರ ಕೋಣೆಗೆ ಹೋದೆವು.

ಮುಖ್ಯಾಧ್ಯಾಪಕರು ಕೆಟ್ಟವರಲ್ಲ. "ಸೂಚನೆಯೇ ತಲುಪಿಲ್ಲ ಎಂದಾದರೆ ಅದು ಶಾಲೆಯ ತಪ್ಪು, ಪತ್ರ ಬರೆದು ಇನ್ನೊಂದು ದಿನ ಕೊಡಿಸುತ್ತೇನೆ. ತಲುಪಿಯೂ ಬಂದಿಲ್ಲ ಎಂದಾದರೆ ನನ್ನ ಕೈಯಲ್ಲಿ ಏನೂ ಇಲ್ಲ" ಎಂದರು. ಆಮೇಲೆ ನನ್ನತ್ತ ತಿರುಗಿ ಮರಾಠಿಯಲ್ಲಿ ಕೇಳಿದರು — ನೀನು ಇವರ ಜೋಡಿ ಅಲ್ಲವೇ, ಹೇಳಿದ್ದೆ ತಾನೇ?

ಒಂದು ಕ್ಷಣ. ಅಷ್ಟೇ ಸಮಯ ಇತ್ತು. 'ಇಲ್ಲ' ಎಂದಿದ್ದರೆ ಬೈಗುಳ ತಿನ್ನುತ್ತಿದ್ದೆ, ಅಪ್ಪನ ಕಿವಿಗೂ ಬೀಳುತ್ತಿತ್ತು, ಅಷ್ಟೇ.

"ಹೋ ಸರ್, ಸಾಂಗಿತಲಂ ಹೋತಂ" ಎಂದೆ. ಹೌದು ಸರ್, ಹೇಳಿದ್ದೆ. ಅಷ್ಟಕ್ಕೇ ಬಿಡಲಿಲ್ಲ. ಶರಣಮ್ಮಕ್ಕನ ಕಡೆ ತಿರುಗಿ ಕನ್ನಡದಲ್ಲಿ, "ಸೋಮವಾರ ಫೋನ್ ಮಾಡಿ ಹೇಳಿದ್ದೆನಲ್ಲ ಅಕ್ಕಾ, ಮಂಗಳವಾರ ಅಂತ. ನಿಮ್ಗೆ ನೆನಪಿಲ್ವಾ?" ಎಂದೆ.

ಅವರು ಜಗಳವಾಡುತ್ತಾರೆ, ಆಣೆ ಹಾಕುತ್ತಾರೆ, ಫೋನು ತೆಗೆದು ನೋಡು ಎನ್ನುತ್ತಾರೆ ಎಂದುಕೊಂಡಿದ್ದೆ. ಸೋಮವಾರ ನನ್ನಿಂದ ಕರೆಯೇ ಬಂದಿಲ್ಲ ಎಂಬುದು ಅವರ ಕೈಯಲ್ಲೇ ಇದ್ದ ಫೋನಿನಲ್ಲಿ ಇತ್ತು. ಅವರು ಅದನ್ನು ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ನಿಧಾನವಾಗಿ ಹಣೆ ಮುಟ್ಟಿಕೊಂಡು, "ಹೇಳಿದ್ದಿ ಏನವ್ವ? ಹಂಗಾರ... ನನ್ನ ತಲ್ಯಾಗ ಉಳೀಲಿಲ್ಲ ನೋಡು" ಎಂದರು.

ನಂಬಿಬಿಟ್ಟರು! ತಮ್ಮ ತಲೆಗಿಂತ ನನ್ನ ಬಾಯನ್ನು ಹೆಚ್ಚು ನಂಬಿದರು.

ನಾನು ಪಾಸಾದೆ. ಅವರು ಮತ್ತೆ ಫಾರ್ಮ್ ತುಂಬಲಿಲ್ಲ. ಮೇಷ್ಟ್ರು ಮನೆಗೇ ಹೋಗಿ ಕರೆದರಂತೆ. "ವಯಸ್ಸಿಂದು ಹೆಂಗರ ಇರ್ಲಿ ಸರ್, ನನ್ನ ತಲಿನೇ ನಿಲ್ಲಂಗಿಲ್ಲ" ಎಂದು ಕೈಮುಗಿದರಂತೆ.

ಈಗ ನಾನು ಹಿಂಜವಾಡಿಯ ಹತ್ತಿರ ಇದ್ದೇನೆ. ಏನು ಕೆಲಸ ಗೊತ್ತೇ? ಹದಿನೇಳನೇ ನಂಬರಿನ ಫಾರ್ಮಿನವರಿಗೆ ಪಾಠ ಹೇಳುವುದು. ನಾಚಿಕೆಗೇಡು ಇಲ್ಲಿಗೂ ಮುಗಿಯುವುದಿಲ್ಲ. ಪ್ರತಿ ವರ್ಷ ಮೊದಲ ದಿನ, ಮದುವೆಯಾಗಿ ಮಕ್ಕಳಾದ ಮೇಲೆ ಓದಲು ಬಂದು ಅಳುಕುತ್ತಾ ಕೂತ ಹೆಂಗಸರಿಗೆ ನಾನು ಶರಣಮ್ಮಕ್ಕನ ಕಥೆ ಹೇಳುತ್ತೇನೆ. ಇಟ್ಟಿಗೆ ಹೊತ್ತದ್ದು, ಮಕ್ಕಳ ಜೊತೆ ಅಕ್ಷರ ಕಲಿತದ್ದು, ಚಪ್ಪಾಳೆ ಬಿದ್ದದ್ದು. ಅಲ್ಲಿಗೆ ನಿಲ್ಲಿಸುತ್ತೇನೆ. ಈ ವರ್ಷ ಒಬ್ಬಾಕೆ ಎದ್ದು, "ಆಮೇಲೆ ಅವರು ಟೀಚರ್ ಆದ್ರಾ ಮ್ಯಾಡಮ್?" ಎಂದು ಕೇಳಿದಳು. "ಆದ್ರು" ಎಂದೆ. ಅವಳ ಮುಖ ಅರಳಿತು. ನನಗೆ ನನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕೆನ್ನಿಸಿತು, ಆದರೂ ಪಾಠ ಮುಂದುವರಿಸಿದೆ.

ಕಳೆದ ತಿಂಗಳು ಅಪ್ಪನನ್ನು ನೋಡಲು ತಳೇಗಾಂವಕ್ಕೆ ಹೋದಾಗ ತರಕಾರಿ ಮಾರುಕಟ್ಟೆಯಲ್ಲಿ ಶರಣಮ್ಮಕ್ಕ ಎದುರಾದರು. ಐವತ್ತು ದಾಟಿದೆ, ಈಗಲೂ ಸಹಾಯಕಿ. ಕೈಚೀಲದ ಹಿಡಿಗೆ ದಾರದಲ್ಲಿ ಒಂದು ಸಣ್ಣ ನೋಟುಬುಕ್ಕು ಕಟ್ಟಿತ್ತು, ಜೊತೆಗೊಂದು ಪೆನ್ಸಿಲ್ಲು. ಮೆಂತ್ಯ ಕೊಂಡರು, ಪುಸ್ತಕ ಬಿಚ್ಚಿ 'ಮೆಂತ್ಯ' ಎಂಬುದನ್ನು ಹೊಡೆದುಹಾಕಿದರು. ಒಮ್ಮೆ ಕಿವಿಗೆ ಬಿದ್ದರೆ ಹೋಗುವುದಿಲ್ಲ ಎನ್ನುತ್ತಿದ್ದ ಹೆಂಗಸು!

"ಎಲ್ಲಾ ಬರಕೊಂತೀನಿ ತಂಗಿ. ಖಿಚಡಿಗಿ ಉಪ್ಪು ಹಾಕೀನಿ ಅಂತನೂ ಬರೀತೀನಿ, ಇಲ್ಲಂದ್ರ ನಂಬಿಕಿ ಬರಂಗಿಲ್ಲ" ಎಂದು ನಕ್ಕರು. "ಮಗಳು ದವಾಖಾನಿಗಿ ಕರಕೊಂಡು ಹೋಗಿದ್ಲು. ತಲಿ ಫೋಟೋ ತೆಗದ್ರು. ಡಾಕ್ಟರು ಏನೂ ಇಲ್ಲ, ಭಾಳ ಛಲೋ ಅದ ಅಂದ್ರು. ನಾ ಅಂದೆ, ಇಲ್ರಿ, ಇದು ಹಳೇದು, ನನ್ನ ಪರೀಕ್ಷಿ ವರ್ಷದಿಂದ ಅದ. ನಿನ್ನ ಹೆಸರ ಹೇಳಿದೆ ನೋಡು, ಅಕಿ ಸಾಕ್ಷಿ ಅದಾಳ್ರಿ ಅಂತ."

ಅಪ್ಪನ ಮೊಣಕಾಲು ಹೇಗಿದೆ ಎಂದು ಕೇಳಿದರು. ಅವತ್ತು ನಾನು ಹಳದಿ ಚೂಡಿದಾರ ಹಾಕಿದ್ದೆ, ಮುಖ್ಯಾಧ್ಯಾಪಕರ ಮೇಜಿನ ಗಾಜು ಒಡೆದಿತ್ತು, ಗಡಿಯಾರ ನಿಂತಿತ್ತು — ಒಂದೊಂದನ್ನೂ ಹೇಳಿದರು. ಕೊನೆಗೆ ದನಿ ಇಳಿಸಿ, "ನೀ ಫೋನ್ ಮಾಡಿದ್ದೊಂದು ಮಾತ್ರ, ಎಷ್ಟ ತಲಿ ಕೆರಕೊಂಡ್ರೂ ನೆನಪ ಬರವಲ್ದು ತಂಗಿ. ಹನ್ನೆರಡು ವರ್ಷದಿಂದ ಹುಡುಕ್ಲಿಕತ್ತೀನಿ" ಎಂದರು.

ಇಲ್ಲದ ಒಂದು ಫೋನ್ ಕರೆಯನ್ನು ಅವರು ಹನ್ನೆರಡು ವರ್ಷದಿಂದ ಹುಡುಕುತ್ತಿದ್ದಾರೆ, ನಾನು ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದು "ಹೋಗ್ಲಿ ಬಿಡಿ ಅಕ್ಕಾ" ಎಂದೆ. ಅಲ್ಲಿಯೂ ಹೇಳಲಿಲ್ಲ. ಹೊಟ್ಟೆಯುರಿ ಹತ್ತೊಂಬತ್ತರ ವಯಸ್ಸಿನದು ಎನ್ನೋಣ, ಇದು ಯಾವ ವಯಸ್ಸಿನದು? ಅವರ ವಯಸ್ಸಿನ ಮಿತಿ ದಾಟಿ ಎಷ್ಟೋ ಕಾಲವಾಯಿತು. ಟೀಚರ್ ಕುರ್ಚಿಯನ್ನು ನಾನು ಹಿಂದಕ್ಕೆ ತಂದುಕೊಡಲಾರೆ. ಅವರ ತಲೆಯನ್ನಾದರೂ ಅವರಿಗೆ ಹಿಂದಿರುಗಿಸಬೇಕು.

ಇವತ್ತು ಬೆಳಿಗ್ಗೆ ಫೋನು ಮಾಡಿದೆ. ಗುರುವಾರ ಹನ್ನೊಂದು ಗಂಟೆಗೆ ನಿಮ್ಮ ಮನೆಗೆ ಬರುತ್ತೇನೆ, ಒಂದು ಮಾತು ಹೇಳುವುದಿದೆ ಎಂದೆ.

"ತಡಿ ತಂಗಿ, ಬರಕೊಂತೀನಿ" ಎಂದರು. ಪುಟ ತಿರುವಿದ ಸದ್ದು ಕೇಳಿಸಿತು. "ಗುರುವಾರ, ಹನ್ನೊಂದು. ಬರದೆ ನೋಡು. ನೀ ಹೇಳಿದ್ದು ಮತ್ತ ಮರತುಬಿಟ್ರ ಹೆಂಗ?"

ಗುರುವಾರ ಹೋಗುತ್ತೇನೆ.