ಇಂಪನಾ ಕೇಳಿದ್ದು ಗೋಡೆ ಪಕ್ಕದ ಜಾಗ

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ತೋಟಗಳು ಶುರುವಾಗುವ ಕಡೆ, ಬೆಟ್ಟಸ್ವಾಮಿಯವರ ಪೌಡರ್ ಫ್ಯಾಕ್ಟರಿ ಇದೆ. ಬೇಕರಿಗಳಿಗೆ ಹೋಗುವ ತೆಂಗಿನ ಪುಡಿ ಅಲ್ಲಿ ತಯಾರಾಗುತ್ತದೆ. ಗಂಡಸರು ಚಿಪ್ಪು ಒಡೆದು ಕೊಡುತ್ತಾರೆ. ಹೆಂಗಸರು ಸಾಲಾಗಿ ಕೂತು ತಿರುಳಿನ ಮೇಲಿನ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆಯುತ್ತಾರೆ. ಬೆಳ್ಳಗಾದ ಕಾಯಿಯನ್ನು ತೊಳೆದು ಗ್ರೈಂಡರಿಗೆ ಹಾಕುತ್ತಾರೆ.

ಇಂಪನಾ ಹೆರೆಯುವವರಲ್ಲಿ ಒಬ್ಬರು. ವಯಸ್ಸು ಇಪ್ಪತ್ತಾರು. ಸಾಲಿನಲ್ಲಿ ಅವರಿಗಿಂತ ಬೇಗ ಹೆರೆಯುವವರಿದ್ದಾರೆ, ನಿಧಾನದವರೂ ಇದ್ದಾರೆ. ಅವರ ಕೆಲಸದಲ್ಲಿ ಯಾವ ವಿಶೇಷವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು.

ಅವರು ಕೂರುತ್ತಿದ್ದುದು ಹಿಂಬದಿಯ ಗೋಡೆಯ ಪಕ್ಕ. ಗ್ರೈಂಡರಿನಿಂದ ಅತಿ ದೂರದ ಜಾಗ ಅದು. ಕೆಲಸಕ್ಕೆ ಸೇರಿದ ದಿನವೇ ಕೇಳಿ ಪಡೆದಿದ್ದರು. ಆ ಯಂತ್ರದ ಸದ್ದು ಉಳಿದ ಹೆಂಗಸರಿಗೆ ಸ್ವಲ್ಪ ಹೊತ್ತಿನಲ್ಲಿ ಮರೆತುಹೋಗುತ್ತದೆ. ಇಂಪನಾಗೆ ಮರೆಯುವುದಿಲ್ಲ. ಹತ್ತಿರ ಕೂತರೆ ಕೈ ನಡುಗಿ ಚಾಕು ಜಾರುತ್ತದೆ, ಪಕ್ಕದವರು ಆಡಿದ್ದು ತಲೆಗೆ ಹೋಗುವುದಿಲ್ಲ, ಕೊನೆಗೆ ವಾಂತಿಯಾಗುತ್ತದೆ.

ಇದಕ್ಕೊಂದು ಹೆಸರಿದೆ ಎಂದು ತಿಳಿದದ್ದು ಎರಡು ವರ್ಷದ ಹಿಂದೆ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ. ಮೊದಲು ಆಸ್ಪರ್ಗರ್ ಸಿಂಡ್ರೋಮ್ ಎನ್ನುತ್ತಿದ್ದರು, ಈಗ ಆಟಿಸಂನೊಳಗೇ ಸೇರಿಸುತ್ತೇವೆ ಎಂದರು ಡಾಕ್ಟರು. ಹುಟ್ಟಿನಿಂದಲೇ ಬರುವಂಥದ್ದು, ರೋಗವಲ್ಲ. ಇಂಪನಾಗೆ ಬುದ್ಧಿಯ ಕೊರತೆ ಇಲ್ಲ, ಮಾತಿನ ಕೊರತೆಯೂ ಇಲ್ಲ. ಜನ ಬಾಯಲ್ಲಿ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡಾಗ ಅದು ತಾನಾಗಿ ಹೊಳೆಯುವುದಿಲ್ಲ, ಅಷ್ಟೆ. ಸದ್ದು, ಬೆಳಕು, ದಿಢೀರ್ ಬದಲಾವಣೆ ಬೇರೆಯವರಿಗಿಂತ ಹೆಚ್ಚು ತಾಗುತ್ತವೆ. ವಾಸಿ ಮಾಡುವ ಮಾತ್ರೆ ಇಲ್ಲ. ಹೇಳುವುದನ್ನು ನೇರವಾಗಿ ಹೇಳಿ, ಬದಲಾವಣೆ ಇದ್ದರೆ ಮುಂಚೆ ತಿಳಿಸಿ, ಸದ್ದಿನಿಂದ ದೂರ ಕೂರಲು ಬಿಡಿ ಎಂದು ಡಾಕ್ಟರು ವಿವರಿಸಿದರು.

"ಇಷ್ಟೇನಾ?" ಎಂದು ತಾಯಿ ಸರ್ವಮಂಗಳ ಕೇಳಿದರು. "ಇಷ್ಟು ತಿಳೀದೆ ನನ್ನ ಮಗಳಿಗೆ ಎಷ್ಟು ಜನ ಹೊಡುದ್ರು ಗೊತ್ತಾ ಡಾಕ್ಟ್ರೇ?"

ಹೊಡೆದವರಲ್ಲಿ ಚಿಕ್ಕಪ್ಪನೂ ಒಬ್ಬರು. ರೇಟು ಏರಲಿ ಎಂದು ಕೊಬ್ಬರಿಯನ್ನು ಅಟ್ಟದಲ್ಲೇ ಇಟ್ಟುಕೊಂಡು, ಮನೆಗೆ ಬಂದ ವ್ಯಾಪಾರಿಗೆ "ಎಲ್ಲಾ ಹೋಯ್ತು ಕಣ್ರೀ, ಅಟ್ಟ ಖಾಲಿ" ಎಂದಿದ್ದರು. ಈ ಸೀಮೆಯಲ್ಲಿ ಇದನ್ನು ಯಾರೂ ಸುಳ್ಳು ಎಂದು ಎಣಿಸುವುದಿಲ್ಲ. ವ್ಯಾಪಾರಿಯೂ ನಂಬುವುದಿಲ್ಲ. ಆಗಿನ್ನೂ ಚಿಕ್ಕ ಹುಡುಗಿಯಾಗಿದ್ದ ಇಂಪನಾ, "ಇಲ್ಲ ಚಿಕ್ಕಪ್ಪ, ಅಟ್ಟದ ತುಂಬ ಇದೆ, ನಾನು ಬೆಳಿಗ್ಗೆ ನೋಡಿದೆ" ಎಂದಳು. ಬಂದವನು ಗೇಟು ದಾಟುವವರೆಗೆ ಕಾದು ಚಿಕ್ಕಪ್ಪ ಕೆನ್ನೆಗೆ ಬಾರಿಸಿದರು. ಸುಳ್ಳು ಹೇಳಬಾರದೆಂದು ಕಲಿಸಿದ ಮನೆಯಲ್ಲಿ ನಿಜಕ್ಕೆ ಯಾಕೆ ಪೆಟ್ಟು ಬಿತ್ತು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಪುಸ್ತಕದಲ್ಲಿದ್ದಂತೆ ಮಾತಾಡುತ್ತಾಳೆಂದು ಶಾಲೆಯಲ್ಲಿ ಆಡಿಕೊಂಡರು. ಬೆಳೆದ ಮೇಲೆ ಅದಕ್ಕೆ ಸೊಕ್ಕು ಎಂದರು.

ಫ್ಯಾಕ್ಟರಿಯ ಹಿರಿಯ ಕೆಲಸಗಾರ್ತಿ ಕೆಂಪಕ್ಕನಂತೂ ಅವರಿಗೆ ವಾರ್ತೆ ಎಂದೇ ಹೆಸರಿಟ್ಟಿದ್ದರು.

"ಏನೇ ವಾರ್ತೆ, ಇವತ್ತಿನ ಮುಖ್ಯಾಂಶ ಏನು?"

"ವಿಶೇಷವೇನೂ ಇಲ್ಲ ಕೆಂಪಕ್ಕ."

ಸಾಲಿಗೆ ಸಾಲೇ ನಗುತ್ತಿತ್ತು. ಇಂಪನಾ ಹೆರೆಯುತ್ತಿದ್ದರು. ಜಾಗವೊಂದಿದ್ದರೆ ಅವರಿಗೆ ಸಾಕಿತ್ತು.

ಈ ವರ್ಷ ಯೋಗೀಶ್ ಎಂಬ ಹೊಸ ಸೂಪರ್‌ವೈಸರ್ ಬಂದರು. ಒಂದು ಸೋಮವಾರ ಇಂಪನಾ ಒಳಗೆ ಬಂದಾಗ ಗೋಡೆ ಪಕ್ಕದಲ್ಲಿ ಬೇರೆಯವರು ಕೂತಿದ್ದರು.

"ಇನ್ಮೇಲೆ ವಾರಕ್ಕೊಂದ್ಸಲ ಜಾಗ ಬದ್ಲು. ಎಲ್ರಿಗೂ ಒಂದೇ ರೂಲು" ಎಂದರು ಯೋಗೀಶ್.

"ಗ್ರೈಂಡರ್ ಪಕ್ಕ ಕೂರಲು ನನಗೆ ಆಗುವುದಿಲ್ಲ. ಕಾರಣ ಹೇಳುತ್ತೇನೆ."

"ನಿನಗೊಬ್ಳಿಗೇನು ಸ್ಪೆಷಲ್ಲಾ? ಕೂತ್ಕೊಳಂಗಿದ್ರೆ ಕೂತ್ಕೊ, ಇಲ್ದಿದ್ರೆ ಮನೆಗೋಗು."

ಇಂಪನಾ ಮನೆಗೆ ಹೋದರು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದ್ದರು, ಅವರು ಆರಿಸಿಕೊಂಡರು. ಯೋಗೀಶ್ ಮಾತ್ರ ಅದನ್ನು ಎದುರುತ್ತರ ಎಂದುಕೊಂಡರು.

ಸರ್ವಮಂಗಳ ಮಾಲೀಕರ ಬಳಿಗೆ ಹೋಗಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರು. ಬೆಟ್ಟಸ್ವಾಮಿ ಕರಗಿಹೋದರು.

"ಅಯ್ಯೋ, ಮೊದ್ಲೇ ಹೇಳಬಾರ್ದೇನಮ್ಮ! ಇಂಥೋರಿಗೆ ದೇವ್ರು ಏನಾದ್ರೂ ಒಂದು ಶಕ್ತಿ ಕೊಟ್ಟಿರ್ತಾನೆ. ಮೊಬೈಲಲ್ಲಿ ನೋಡಿದೀನಿ, ಕಂಪ್ಯೂಟರ್ ಇದ್ದಂಗೆ ಇರ್ತಾರೆ. ನಾಳೆ ಕಳ್ಸಿ."

ಮರುದಿನ ಪುಡಿ ಕೊಳ್ಳಲು ಬಂದಿದ್ದವರ ಮುಂದೆ ಅವರು ಇಂಪನಾರನ್ನು ಅಂಗಳಕ್ಕೆ ಕರೆಸಿದರು.

"ಆ ಗುಡ್ಡೇಲಿ ಎಷ್ಟು ಕಾಯಿದೆ, ಹೇಳಮ್ಮ ನೋಡಣ."

"ನಾನು ಎಣಿಸಿಲ್ಲ."

"ಎಣಿಸ್ದೆ ಹೇಳ್ಬೇಕು ಕಣಮ್ಮ."

"ಎಣಿಸದೆ ಹೇಳಿದರೆ ತಪ್ಪಾಗುತ್ತದೆ."

"ಹೋಗ್ಲಿ, ನಾನು ಹುಟ್ಟಿದ ತಾರೀಕು ಹೇಳ್ತೀನಿ, ಯಾವ ವಾರ ಹೇಳು."

"ಗೊತ್ತಿಲ್ಲ. ನಿಮ್ಮ ಮೊಬೈಲಿನಲ್ಲಿ ಕ್ಯಾಲೆಂಡರ್ ಇರುತ್ತದೆ."

ಬಂದವರು ನಕ್ಕರು. ಬೆಟ್ಟಸ್ವಾಮಿಯವರ ಮುಖ ಬಿಗಿಯಿತು. "ಮತ್ತೆ ನಿನ್ನತ್ರ ಏನೈತೆ?"

"ಹೆರೆಯುವ ಚಾಕು."

ಮಾಲೀಕರು ಯೋಗೀಶ್ ಕಡೆ ತಿರುಗಿ, ಎಲ್ಲರಂಗೆ ಕೂರಿಸಪ್ಪ ಎಂದುಬಿಟ್ಟರು. ಕೆಂಪಕ್ಕನ ಮಂಡಿ ನೋವಿಗೆ ಇದೇ ಫ್ಯಾಕ್ಟರಿ ಸ್ಟೂಲು ಕೊಟ್ಟಿದೆ. ಆಗ ಯಾರೂ ಕೆಂಪಕ್ಕನಿಂದ ಪವಾಡ ಕೇಳಲಿಲ್ಲ. ಸ್ಟೂಲು ಕೊಡಲು ನೋವೇ ಕಾರಣವಾಗಿ ಸಾಕಾಯಿತು. ಇಂಪನಾರ ಸದ್ದಿನ ಸಂಕಟಕ್ಕೆ ಮಾತ್ರ ಬದಲಿಗೆ ಏನಾದರೂ ಅದ್ಭುತ ತೋರಿಸಬೇಕಿತ್ತು. ತೋರಿಸದಿದ್ದ ಮೇಲೆ ಅವರ ಕಷ್ಟವೇ ಸುಳ್ಳೆಂದಾಯಿತು.

ಆಮೇಲೆ ಇಂಪನಾ ದಿನಾ ಬೆಳಿಗ್ಗೆ ಬಂದು ಗೋಡೆ ಪಕ್ಕದ ಜಾಗ ಕೇಳುತ್ತಿದ್ದರು, ಇಲ್ಲ ಎಂದರೆ ವಾಪಸು ಹೋಗುತ್ತಿದ್ದರು. ಹೆಸರು ತೆಗೆದುಹಾಕುತ್ತೇನೆ ಎಂದು ಯೋಗೀಶ್ ಹೆದರಿಸಿದರು. ಅಷ್ಟರಲ್ಲಿ ಗೋಡೆ ಪಕ್ಕ ಕೂರುವ ಸರದಿ ಕೆಂಪಕ್ಕನಿಗೆ ಬಂತು. ಒಂದು ಹೊತ್ತು ಕೂತು ಅವರು ಎದ್ದು ನಿಂತರು.

"ಅಲ್ಲ ಕಣಪ್ಪ ಯೋಗೀಶ, ಇಲ್ಲಿ ಫ್ಯಾನಿಲ್ಲ, ಮಾತಾಡಾಕೆ ಒಂದು ನರಪಿಳ್ಳೆ ಇಲ್ಲ. ನಾನೇನು ಬಾಣಂತಿನಾ ಮೂಲೇಲಿ ಕೂರಾಕೆ? ಆ ವಾರ್ತೆ ತಾನಾಗೇ ಬೇಕು ಅಂತದೆ. ಕೊಟ್ಟು ಬುಡು ಅತ್ಲಾಗೆ!"

"ರೂಲು ಅಂದ್ರೆ ರೂಲು ಕೆಂಪಕ್ಕ."

"ನಿನ್ ರೂಲಿಗೊಂದಿಷ್ಟು. ನೀನೇ ಬಂದು ಕೂತ್ಕೊ ಬಾ."

ಉಳಿದವರೂ ದನಿ ಸೇರಿಸಿದರು. ಆ ಜಾಗ ಒಬ್ಬರಿಗೂ ಬೇಕಿರಲಿಲ್ಲ. ಒಬ್ಬರಿಗೆ ಅಗತ್ಯವಾಗಿದ್ದನ್ನು ಕಿತ್ತು, ಬೇಡವೆನ್ನುವವರಿಗೆಲ್ಲ ಸರದಿಯಲ್ಲಿ ಹಂಚಿದ್ದಕ್ಕೆ ಫ್ಯಾಕ್ಟರಿಯಲ್ಲಿ ಸಮಾನತೆ ಎಂದು ಹೆಸರು. ಮರುದಿನ ಯೋಗೀಶ್ ಜಾಗ ಬಿಟ್ಟುಕೊಟ್ಟರು. ಕಾರಣ ಇಂಪನಾ ಅಲ್ಲ, ಕೆಂಪಕ್ಕನ ಸೆಕೆ.

ಇಂಪನಾ ಚಾಕು ಹಿಡಿದು ಕೂತ ದಿನವೇ ಬೆಟ್ಟಸ್ವಾಮಿ ಮೊಬೈಲು ಹಿಡಿದು ಬಂದರು.

"ಈ ಕಡೆ ನೋಡಮ್ಮ, ಸ್ವಲ್ಪ ನಗು. ನಮ್ಮ ಫ್ಯಾಕ್ಟರೀಲಿ ಇಂಥೋರಿಗೂ ಜಾಗ ಕೊಟ್ಟಿದೀವಿ ಅಂತ ಹಾಕ್ತೀನಿ."

"ನೀವು ಕೊಟ್ಟಿಲ್ಲ" ಎಂದರು ಇಂಪನಾ. "ಇದು ಯಾರಿಗೂ ಬೇಡವಾಗಿತ್ತು, ನನಗೆ ಬೇಕಿತ್ತು. ಜಾಗ ಬದಲಾಯಿಸಿದ ದಿನವೇ ನಾನು ಹೇಳಿದ್ದೆ, ನೀವು ಯಾರೂ ಕೇಳಲಿಲ್ಲ. ಫೋಟೊ ತೆಗೆಯಬೇಡಿ. ಇನ್ನೊಮ್ಮೆ ಜಾಗ ಬದಲಾಯಿಸುವುದಿದ್ದರೆ ಹಿಂದಿನ ದಿನವೇ ನನಗೆ ತಿಳಿಸಿ."

"ಓನರ್‌ಗೇ ಆರ್ಡರ್ ಹಾಕ್ತೀಯಲ್ಲಮ್ಮ!"

"ಹೌದು."

ಸಾಲಿನಲ್ಲಿ ಯಾರೂ ನಗಲಿಲ್ಲ. ಬೆಟ್ಟಸ್ವಾಮಿ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಆಫೀಸಿನ ಕಡೆ ನಡೆದರು.